ಮರು: ‘ಕ್ಯಾಪ್ಟಿವ್ ಓರ್ಕಾ ವೆಲ್‌ಫೇರ್’ ಕನ್ನಡದಲ್ಲಿ ಏನು? ಶಾಲೆಯ ಫಲಕಕ್ಕೆ, ತುರ್ತು

ಮೇಡಂ, ಜಯನಗರದ ಶಾಲೆ ಪ್ರದರ್ಶನದ ಫಲಕ ನಾಳೆ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಮೊದಲು ಪದ, ಆಮೇಲೆ ವಾದ. ‘ಸೆರೆಯಲ್ಲಿರುವ ಓರ್ಕಾಗಳ ಯೋಗಕ್ಷೇಮ’ ಅಂತ ಹಾಕಿ. ಓರ್ಕಾ ಅಂದರೆ ಇಂಗ್ಲಿಷಿನಲ್ಲಿ ‘ಕಿಲ್ಲರ್ ವೇಲ್’ ಅಂತಲೂ ಕರೆಯುವ, ಕಪ್ಪು-ಬಿಳುಪಿನ ದೊಡ್ಡ ಕಡಲ ಪ್ರಾಣಿ.

ಇಲ್ಲಿ ಒಬ್ಬರು ಸೂಚಿಸಿದ ‘ಸಾಕಿದ ಓರ್ಕಾ’ ಬೇಡವೇ ಬೇಡ. ಟೋಕಿಟೇ ಎಂಬ ಹೆಣ್ಣು ಓರ್ಕಾವನ್ನು 1970ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲಲ್ಲಿ ಬಲೆ ಹಾಕಿ ಹಿಡಿದರು. ಆಗಿನ್ನೂ ಅದು ಚಿಕ್ಕದು. 2023ರಲ್ಲಿ ಅಮೆರಿಕದ ಮಯಾಮಿಯ ಪ್ರದರ್ಶನದ ಕೊಳದಲ್ಲೇ ಸತ್ತಿತು. ಆ ಕೊಳದ ಆಳ ಸುಮಾರು 20 ಅಡಿ, ಅದರ ಮೈಯುದ್ದವೂ ಹೆಚ್ಚುಕಡಿಮೆ ಅಷ್ಟೇ. ಇದನ್ನು ಸಾಕುವುದು ಅನ್ನೋಕೆ ಬಾಯಾದರೂ ಹೇಗೆ ಬರುತ್ತದೆ? ನಮ್ಮ ಪತ್ರಿಕೆಗಳು ‘ಚಿರತೆ ಸೆರೆ’, ‘ಪುಂಡಾನೆ ಸೆರೆ’ ಅಂತ ಬರೆಯುತ್ತವೆ, ಅಲ್ವಾ? ಹಿಡಿದದ್ದೂ ಸೆರೆ, ಕೂಡಿಹಾಕಿದ್ದೂ ಸೆರೆ. ಹಳಗನ್ನಡದ ‘ಸೆಱೆ’ಯಿಂದ ಬಂದ ಗಟ್ಟಿ ಪದ. ‘ಬಂಧಿತ’ ಪೊಲೀಸ್ ಪ್ರಕಟಣೆಗೆ ಇರಲಿ.

‘ಕಿಲ್ಲರ್ ವೇಲ್’ ಅನ್ನು ಹಾಗೇ ಅನುವಾದಿಸಿದ ‘ಕೊಲೆಗಾರ ತಿಮಿಂಗಿಲ’ಕ್ಕೂ ನನ್ನ ವಿರೋಧವಿದೆ. ಕಡಲಲ್ಲಿ ತನ್ನ ಪಾಡಿಗೆ ತಾನಿರುವ ಓರ್ಕಾ ಮನುಷ್ಯರನ್ನು ಕೊಂದ ದಾಖಲೆ ಇಲ್ಲ. ಸಾವುಗಳಾದದ್ದು ಕೊಳಗಳಲ್ಲಿ. 1983ರಲ್ಲಿ ಐಸ್‌ಲ್ಯಾಂಡ್ ಬಳಿ ಹಿಡಿದ ಟಿಲಿಕಮ್ ಎಂಬ ಗಂಡು ಓರ್ಕಾದ ಕೊಳದಲ್ಲೇ ಮೂವರು ಸತ್ತರು. ಸೆರೆಯ ಬಗ್ಗೆ ಹೇಳುವ ಫಲಕದಲ್ಲೇ ಪ್ರಾಣಿಯನ್ನು ಕೊಲೆಗಾರ ಅಂದರೆ ಮಕ್ಕಳಿಗೆ ತಪ್ಪು ಯಾರದ್ದು ಅನಿಸುತ್ತದೆ?

ಓರ್ಕಾ ಡಾಲ್ಫಿನ್ ಬಳಗದ್ದು, ಆದ್ದರಿಂದ ‘ತಿಮಿಂಗಿಲ’ವೇ ತಪ್ಪು ಅಂದವರಿಗೆ ಒಂದು ಮಾತು. ತಿಮಿ ಅಂದರೆ ಕಡಲಿನ ಭಾರಿ ಜೀವಿ, ಅದನ್ನೂ ನುಂಗುವುದು ತಿಮಿಂಗಿಲ. ದೊಡ್ಡ ತಿಮಿಂಗಿಲಗಳನ್ನೇ ಗುಂಪು ಕಟ್ಟಿ ಬೇಟೆಯಾಡುವ ಓರ್ಕಾಗೆ ಈ ಹೆಸರು ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ! ಆದರೆ ಬಳಕೆಯಲ್ಲಿ ಅರ್ಥ ಅಗಲವಾಗಿಬಿಟ್ಟಿದೆ, ಫಲಕಕ್ಕೆ ಓರ್ಕಾ ಸಾಕು.

ಕೊಲ್ಲುವ ಮೀನು ಅಂತ ‘ಕೊಲ್ಮೀನು’? ಇಲ್ಲ. ಅದು ಮೀನಲ್ಲ. ಮರಿಗೆ ಹಾಲೂಡುತ್ತದೆ, ಶ್ವಾಸಕೋಶದಿಂದ ಉಸಿರಾಡುತ್ತದೆ. ಟಿಲಿಕಮ್ 2017ರಲ್ಲಿ ಸತ್ತದ್ದೂ ಶ್ವಾಸಕೋಶದ ಸೋಂಕಿನಿಂದ. ಓರ್ಕಾ ಎರವಲು, ಅದಕ್ಕೇ ಬೇಡ ಅನ್ನುವವರು ತಿಮಿಂಗಿಲವನ್ನು ಮಾತ್ರ ಹೇಗೆ ಒಪ್ಪುತ್ತಾರೋ ಗೊತ್ತಿಲ್ಲ. ಅದು ಸಂಸ್ಕೃತದ್ದು. ಕಾರವಾರದಿಂದ ಮಂಗಳೂರಿನವರೆಗೆ ಮೀನುಗಾರರನ್ನು ಕೇಳಿ, ಅವರ ಬಾಯಲ್ಲಿ ಈ ಪ್ರಾಣಿಗೆ ಹೆಸರಿದ್ದರೆ ತನ್ನಿ, ಇವತ್ತೇ ಒಪ್ಪುತ್ತೇನೆ. ಸುಮ್ನೆ ಕೂತಲ್ಲೇ ಪದ ಹೊಸೆಯಬೇಡಿ.

ಇನ್ನು ವೆಲ್‌ಫೇರ್. ‘ಪ್ರಾಣಿ ಕಲ್ಯಾಣ’ ಸರ್ಕಾರಿ ಕಡತದಲ್ಲಿ ನಡೆಯುತ್ತದೆ. ಬೆಂಗಳೂರಿನ ಮಗುವಿಗೆ ಕಲ್ಯಾಣ ಅಂದರೆ ಮಂಟಪ, ಮದುವೆ ಊಟ. ಬರೀ ‘ಆರೋಗ್ಯ’ ಅಂದರೂ ಸಾಲದು. ಸೆರೆಯ ಓರ್ಕಾಗಳು ಕಾಂಕ್ರೀಟ್ ಅಂಚು, ಕಬ್ಬಿಣದ ಗೇಟು ಕಚ್ಚಿ ಹಲ್ಲು ಸವೆಸಿಕೊಳ್ಳುತ್ತವೆ. ಮುರಿದ ಹಲ್ಲನ್ನು ಕೊರೆದು, ಆ ತೂತನ್ನು ದಿನಾ ತೊಳೆಯುತ್ತಾರೆ. ಅದು ಆರೋಗ್ಯದ ಲೆಕ್ಕ. ಆದರೆ ಕೆನಡಾದಲ್ಲಿ ಸೆರೆಯಲ್ಲಿದ್ದ ಕಿಸ್ಕಾ ಎಂಬ ಓರ್ಕಾ 2011ರಿಂದ 2023ರಲ್ಲಿ ಸಾಯುವವರೆಗೂ ತನ್ನ ಜಾತಿಯ ಇನ್ನೊಂದು ಜೀವಿಯ ಜೊತೆಯಿಲ್ಲದೆ ಇತ್ತು. ಜೀವನಪೂರ್ತಿ ತಾಯಿಯ ಬಳಗದಲ್ಲೇ ಇರುವ ಓರ್ಕಾಗಳೂ ಇವೆ, ಅಂಥ ಪ್ರಾಣಿಗೆ ಈ ಒಂಟಿತನ. ಯಾವ ಔಷಧಿ ಕೊಡುತ್ತೀರಿ? ಅದಕ್ಕೇ ‘ಯೋಗಕ್ಷೇಮ’. ಇಲ್ಲಿ ಯೋಗ ಅಂದರೆ ಇಲ್ಲದ್ದು ಸಿಗುವುದು, ಕ್ಷೇಮ ಅಂದರೆ ಇರುವುದು ಉಳಿಯುವುದು. ಎರಡೂ ಬೇಕು. ಅಜ್ಜಿಯರು ಕಾಗದದಲ್ಲಿ ಬರೆಸುತ್ತಿದ್ದ ಪದ, ಯಾರಿಗೂ ಕಷ್ಟವಿಲ್ಲ.

ಕೆಳಗೆ ಜಾಗ ಉಳಿದರೆ, 2013ರಲ್ಲಿ ಭಾರತ ಡಾಲ್ಫಿನ್ ಪ್ರದರ್ಶನದ ಕೊಳಗಳಿಗೆ ಅನುಮತಿ ಬೇಡ ಎಂದು ತೀರ್ಮಾನಿಸಿದ್ದನ್ನೂ ಸೇರಿಸಿ. ಅಲ್ಲೂ ‘ಸೆರೆ’ ಅಂತಲೇ ಬರೆಯಿರಿ.