ಒಂದು ಹೋಲ್ ಕೆಟ್ಟ ಮೇಲೆ ಮನಸ್ಸನ್ನು ಹತೋಟಿಗೆ ತರುವುದು ಹೇಗೆ?

ಪ್ರಶ್ನೆ

ನಾನು ಬೆಂಗಳೂರಿನಲ್ಲಿ ವಾರಾಂತ್ಯಗಳಲ್ಲಿ ಗಾಲ್ಫ್ ಆಡುತ್ತೇನೆ, ಹ್ಯಾಂಡಿಕ್ಯಾಪ್ 18 (ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ). ಡ್ರೈವಿಂಗ್ ರೇಂಜಿನಲ್ಲಿ ಚೆಂಡು ನೇರವಾಗಿಯೇ ಹೋಗುತ್ತದೆ. ಆದರೆ ಸ್ಪರ್ಧೆಯ ದಿನ ಮೊದಲ ಟೀಯಲ್ಲಿ (ಹೋಲ್‌ನ ಆಟ ಆರಂಭವಾಗುವ ಜಾಗ) ನಮ್ಮ ನಂತರ ಆಡುವ ತಂಡದವರು ಹಿಂದೆ ಕಾಯುತ್ತ ನಿಂತಿದ್ದರೆ ಕೈ ಬಿಗಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಚೆಂಡು ನೀರಿಗೆ ಬಿದ್ದು ಯಾವುದಾದರೊಂದು ಹೋಲ್‌ನಲ್ಲಿ ಟ್ರಿಪಲ್ ಬೋಗಿಯಾದರೆ (ಪಾರ್, ಅಂದರೆ ಆ ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ ಮೂರು ಹೆಚ್ಚಾದರೆ), ಅದರ ಸಿಟ್ಟು ಮುಂದಿನ ಮೂರ್ನಾಲ್ಕು ಹೋಲ್‌ಗಳನ್ನೂ ಹಾಳು ಮಾಡುತ್ತದೆ. ಸ್ವಿಂಗನ್ನು ಸರಿಪಡಿಸಿಕೊಳ್ಳಲು ಯೋಚಿಸಿದಷ್ಟೂ ಅದು ಇನ್ನಷ್ಟು ಕೆಡುತ್ತದೆ. ಶಾಂತವಾಗಿರಿ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಾಗಿ ಮೈದಾನದಲ್ಲಿ ಏನು ಮಾಡಬೇಕೆಂಬುದನ್ನು ತಿಳಿದವರು ಹೇಳಬಹುದೇ?

ಮೊದಲ ಉತ್ತರ

ನಾಲ್ಕು ಗಂಟೆಗೂ ಮೀರಿ ನಡೆಯುವ ಆಟದುದ್ದಕ್ಕೂ ಏಕಾಗ್ರತೆಯನ್ನು ಕಾಯ್ದುಕೊಳ್ಳಬೇಕೆಂದು ಹೊರಡುವುದೇ ದಣಿವಿಗೆ ಮೂಲವೆಂದು ನನ್ನ ಅಭಿಪ್ರಾಯ. 2019ರಲ್ಲಿ ಜಾರಿಗೆ ಬಂದ ನಿಯಮಗಳು ಒಂದು ಹೊಡೆತವನ್ನು 40 ಸೆಕೆಂಡುಗಳೊಳಗೆ ಮುಗಿಸಬೇಕೆಂದು ಶಿಫಾರಸು ಮಾಡುತ್ತವೆ. ತಾವು 90 ಹೊಡೆತಗಳಲ್ಲಿ ಆಟ ಮುಗಿಸುವಿರಿ ಎಂದುಕೊಂಡರೆ, ನಿಜವಾದ ಗಮನ ಬೇಕಾಗುವುದು ಒಟ್ಟು ಒಂದು ಗಂಟೆ ಮಾತ್ರ. ಉಳಿದ ಸಮಯದಲ್ಲಿ ಜೊತೆಗಾರರೊಡನೆ ಮಾತನಾಡಿ, ಮರಗಳನ್ನು ನೋಡಿ, ನೀರು ಕುಡಿಯಿರಿ. ಆಟದ ಚಿಂತೆ ಆಗ ಬೇಡ.

ಆ 40 ಸೆಕೆಂಡುಗಳಿಗೆ ಮಾತ್ರ ಒಂದು ಬದಲಾಗದ ಕ್ರಮವಿರಲಿ. ಚೆಂಡಿನ ಹಿಂದೆ ನಿಂತು ಕ್ಲಬ್ಬನ್ನೂ ಗುರಿಯನ್ನೂ ತೀರ್ಮಾನಿಸಿ, ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಉಸಿರನ್ನು ಹೊರಬಿಟ್ಟು, ಮುಂದೆ ಬಂದ ಮೇಲೆ ತೀರ್ಮಾನವನ್ನು ಬದಲಿಸದೆ ಹೊಡೆಯಬೇಕು. ನಿಧಾನವಾಗಿ ಉಸಿರು ಬಿಡುವಾಗ ಹೃದಯದ ಬಡಿತ ಇಳಿಯುತ್ತದೆ, ಹಿಡಿತವೂ ಸಡಿಲಗೊಳ್ಳುತ್ತದೆ. ನಿಂತ ಮೇಲೆ ಅನುಮಾನ ಬಂದರೆ ಹಿಂದೆ ಸರಿದು ಮೊದಲಿನಿಂದ ಆರಂಭಿಸಿ. ಹಿಂದಿರುವವರು ಅಷ್ಟು ಹೊತ್ತು ಕಾಯಬಲ್ಲರು.

ಯೋಚಿಸಿದಷ್ಟೂ ಸ್ವಿಂಗ್ ಕೆಡುವುದಕ್ಕೆ ಕಾರಣವಿದೆ. ಮನೋವಿಜ್ಞಾನಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು ಪಟ್ಟಿಂಗ್ (ಗುಳಿಯ ಸಮೀಪ ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ) ಕುರಿತು ನಡೆಸಿದ ಪ್ರಯೋಗಗಳಲ್ಲಿ, ಪಳಗಿದ ಆಟಗಾರರು ತಮ್ಮ ಕೈಚಲನೆಯತ್ತಲೇ ಗಮನ ಕೊಟ್ಟಾಗ ಅವರ ಆಟ ಕೆಟ್ಟಿತು. ಹೊಸಬರಿಗೆ ಮಾತ್ರ ಅದೇ ಗಮನ ನೆರವಾಯಿತು. ಅಭ್ಯಾಸದಿಂದ ತಾನಾಗಿ ನಡೆಯುವ ಕೆಲಸವನ್ನು ಬುದ್ಧಿ ತುಂಡು ತುಂಡಾಗಿಸಿ ನಡೆಸಲು ಹೋದರೆ ಅದರ ಲಯ ತಪ್ಪುತ್ತದೆ. ಆದ್ದರಿಂದ ಮೊಣಕೈ, ಭುಜಗಳ ತಿದ್ದುಪಡಿ ರೇಂಜಿನಲ್ಲಿ ಮುಗಿಯಲಿ. ಕೋರ್ಸಿನಲ್ಲಿ ಗುರಿ ಮಾತ್ರ ಕಣ್ಣಮುಂದಿರಲಿ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸಿಟ್ಟಿನ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗಲಿಲ್ಲ. ಕೆಟ್ಟ ಹೋಲ್‌ನ ನಂತರ ಮನಸ್ಸು ಲೆಕ್ಕಕ್ಕೆ ಇಳಿಯುತ್ತದೆ: ಕಳೆದುಕೊಂಡದ್ದನ್ನು ಮುಂದಿನ ಟೀಯಲ್ಲಿಯೇ ಹಿಂದಕ್ಕೆ ಪಡೆಯಬೇಕೆಂಬ ಆತುರದಲ್ಲಿ, ಐದನೆಯ ಐರನ್ ಕ್ಲಬ್ ಸಾಕಾಗುವ ಕಡೆಯಲ್ಲಿಯೂ ನಾವು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರನ್ನು ಕೈಗೆತ್ತಿಕೊಳ್ಳುತ್ತೇವೆ. ಇದು ದೊಡ್ಡವರನ್ನೂ ಬಿಟ್ಟಿಲ್ಲ. 2011ರ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯ ಕೊನೆಯ ದಿನವನ್ನು ನಾಲ್ಕು ಹೊಡೆತಗಳ ಮುನ್ನಡೆಯೊಂದಿಗೆ ಆರಂಭಿಸಿದ ರೋರಿ ಮೆಕಿಲ್‌ರಾಯ್, ಹತ್ತನೆಯ ಹೋಲ್‌ನಲ್ಲಿ ಟ್ರಿಪಲ್ ಬೋಗಿ ಮಾಡಿದರು. ಹನ್ನೊಂದರಲ್ಲಿ ಮೂರು ಪಟ್, ಹನ್ನೆರಡರಲ್ಲಿ ನಾಲ್ಕು ಪಟ್ ಹೊಡೆದು, ಆ ದಿನವನ್ನು 80ರಲ್ಲಿ ಮುಗಿಸಿದರು. ಎರಡು ತಿಂಗಳ ನಂತರ ಅದೇ ಆಟಗಾರ ಯು.ಎಸ್. ಓಪನ್ನನ್ನು ಎಂಟು ಹೊಡೆತಗಳ ಅಂತರದಿಂದ ಗೆದ್ದರು. ಅಷ್ಟರಲ್ಲಿ ಸ್ವಿಂಗ್ ಹೊಸದಾಗಿ ಹುಟ್ಟಿರಲಾರದು.

ತಮ್ಮ ಹ್ಯಾಂಡಿಕ್ಯಾಪಿಗೆ ನನ್ನ ಸಲಹೆ ಸರಳವಾದದ್ದು: ಕೆಲವು ಕಾಲ, ಒಟ್ಟು ಹೊಡೆತಗಳ ಬದಲು ಪ್ರತಿ ಹೋಲ್‌ಗೆ ಅಂಕ ಕೊಡುವ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿಯೇ ಆಡಿರಿ. 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ವೈದ್ಯ ಫ್ರಾಂಕ್ ಸ್ಟೇಬಲ್‌ಫೋರ್ಡ್ ಬಳಕೆಗೆ ತಂದ ಈ ಅಂಕಪದ್ಧತಿ, ಆರಂಭದಲ್ಲಿಯೇ ಒಂದೆರಡು ಹೋಲ್ ಕೆಟ್ಟವರು ಆಸೆ ಬಿಡದೆ ಆಡಲೆಂಬ ಉದ್ದೇಶದ್ದು. 18 ಹ್ಯಾಂಡಿಕ್ಯಾಪಿನವರಿಗೆ ಪ್ರತಿ ಹೋಲ್‌ಗೂ ಒಂದು ಹೊಡೆತದ ರಿಯಾಯಿತಿ ಇದೆಯೆಂದರೆ, ಪಾರ್ 4ರಲ್ಲಿ ಐದಕ್ಕೆ ಎರಡು ಅಂಕ, ಆರಕ್ಕೆ ಒಂದು, ಏಳಕ್ಕೆ ಸೊನ್ನೆ. ಆರನೆಯ ಹೊಡೆತದಲ್ಲಿಯೂ ಚೆಂಡು ಗುಳಿಗೆ ಬೀಳದಿದ್ದರೆ ಅದನ್ನೆತ್ತಿ ಜೇಬಿಗೆ ಹಾಕಿ ಮುಂದಕ್ಕೆ ನಡೆಯಬಹುದು. ಏಳಾಗಲಿ ಹನ್ನೊಂದಾಗಲಿ ನಷ್ಟ ಒಂದೇ ಎಂದು ಮೊದಲೇ ಗೊತ್ತಿರುವವರಿಗೆ ಸಿಟ್ಟು ಅಷ್ಟು ದೂರ ಹಿಂಬಾಲಿಸುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಂಕಪದ್ಧತಿಯನ್ನು ಈ ದೃಷ್ಟಿಯಿಂದ ನೋಡಿರಲಿಲ್ಲ. ಸಣ್ಣ ಪಟ್‌ಗಳಲ್ಲಿ ಕೈ ನಡುಗುವುದಕ್ಕೆ ಬೇರೆ ಉಪಾಯವಿದೆಯೇ?

ಮೂರನೆಯ ಉತ್ತರ

ಕೈಗಿಂತ ಕಣ್ಣಿಗೆ ಕೆಲಸ ಕೊಡಿರಿ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಅವರ ಸಂಶೋಧನೆಯ ಪ್ರಕಾರ, ಚೆನ್ನಾಗಿ ಪಟ್ ಮಾಡುವವರ ನೋಟ ಹೊಡೆಯುವ ಮೊದಲು ಚೆಂಡಿನ ಮೇಲೆ ಎರಡು-ಮೂರು ಸೆಕೆಂಡು ಸ್ಥಿರವಾಗಿ ನಿಲ್ಲುತ್ತದೆ. ಸಾಧಾರಣ ಆಟಗಾರರ ಕಣ್ಣು ಗುಳಿ, ಚೆಂಡು, ಪಟ್ಟರ್ (ಪಟ್ ಹೊಡೆಯುವ ಕ್ಲಬ್) ಎಂದು ಓಡಾಡುತ್ತಿರುತ್ತದೆ. ಚೆಂಡಿನ ಹಿಂಬದಿಯ ಒಂದು ಚುಕ್ಕೆಯನ್ನು ಆರಿಸಿಕೊಂಡು ನೋಡಿರಿ, ಚೆಂಡು ಹೊರಟ ಮೇಲೂ ಅರೆಕ್ಷಣ ನೆಲವನ್ನೇ ನೋಡುತ್ತಿರಿ.

ನಮ್ಮ ಬೆಂಗಳೂರಿನವರೇ ಆದ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಕಂಚಿನ ಪದಕವನ್ನು ಕಳೆದುಕೊಂಡು ನಾಲ್ಕನೆಯವರಾದರು. ಟೀಯಿಂದ ಹೊಡೆದ ಅವರ ಡ್ರೈವ್‌ಗಳು ಇತರರಿಗಿಂತ ಬಹಳ ಹಿಂದೆ ಬೀಳುತ್ತಿದ್ದವು. ಅವರನ್ನು ಕೊನೆಯವರೆಗೆ ಪೈಪೋಟಿಯಲ್ಲಿ ಉಳಿಸಿದ್ದು ಪಟ್ಟರ್. ಆ ದಿನದ ದೃಶ್ಯಗಳು ಸಿಕ್ಕಿದರೆ ಚೆಂಡನ್ನು ಬಿಟ್ಟು ಅವರ ತಲೆ ಎಷ್ಟು ಅಲುಗಾಡುತ್ತದೆಂಬುದನ್ನು ಗಮನಿಸಿರಿ. ಇನ್ನೊಂದು ಮಾತು: ಪಟ್ ಹೊಡೆಯುವ ಮುನ್ನ ಕ್ಲಬ್ಬುಗಳನ್ನು ಹೊತ್ತು ಸಲಹೆ ಕೊಡುವ ಕ್ಯಾಡಿಯು ಚೆಂಡು ಬಲಕ್ಕೆ ತಿರುಗುತ್ತದೆಂದು ಹೇಳಿದಾಗ ಒಪ್ಪಿಗೆಯಾಗದಿದ್ದರೆ, ಚೆಂಡಿನ ಮುಂದೆ ನಿಲ್ಲುವ ಮೊದಲೇ ಕೇಳಿ ಬಗೆಹರಿಸಿಕೊಳ್ಳಿ.