ಸೀಸದ ಮುದ್ರೆಗಳ ಮೇಲೆ ಬಿಳಿ ಪುಡಿ: ತೇವವೋ, ಕಪಾಟಿನ ಮರವೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಿಕ್ಕದೊಂದು ವಸ್ತುಸಂಗ್ರಹಾಲಯದ ಉಗ್ರಾಣ ನನ್ನ ಸುಪರ್ದಿಯಲ್ಲಿದೆ. ಸಂರಕ್ಷಣೆ ಓದಿದವಳಲ್ಲ, ದಾಖಲಾತಿ ಕೆಲಸಕ್ಕೆ ಸೇರಿದವಳು. ಎರಡು ವರ್ಷದ ಹಿಂದೆ ತುಕ್ಕು ಹಿಡಿದ ಕಬ್ಬಿಣದ ಬೀರುಗಳನ್ನು ತೆಗೆಸಿ ಎಂಡಿಎಫ್ ಹಲಗೆಯ ಕಪಾಟು ಮಾಡಿಸಿದೆವು. ಡ್ರಾಯರುಗಳು ಗಾಳಿಯಾಡದಷ್ಟು ಬಿಗಿ. ಧೂಳು ಹೋಗುವುದಿಲ್ಲವೆಂದು ಖುಷಿಪಟ್ಟಿದ್ದೆ.

ಹೋದ ವಾರ ಮೂರನೇ ಡ್ರಾಯರ್ ಎಳೆದರೆ ಹುಳಿ ವಾಸನೆ ಮೂಗಿಗೆ ಅಡರಿತು. ಒಳಗಿದ್ದ 14 ಸೀಸದ ಮುದ್ರೆಗಳಲ್ಲಿ 9ರ ಮೇಲೆ ವಿಭೂತಿ ಉದುರಿಸಿದ ಹಾಗೆ ಬಿಳಿ ಪುಡಿ. ಒಂದರ ಮೇಲಿನ ಅಕ್ಷರ ಓದಲಾಗುತ್ತಿಲ್ಲ, ಎರಡು ವರ್ಷದ ಹಿಂದೆ ನಾನೇ ಓದಿ ಬರೆದುಕೊಂಡಿದ್ದ ಅಕ್ಷರ ಅದು. ಅದೇ ಕಪಾಟಿನ ಬೆಳ್ಳಿ ನಾಣ್ಯಗಳಿಗೆ ಏನೂ ಆಗಿಲ್ಲ.

ಹಗಲು ಎಸಿ ಓಡುತ್ತದೆ, ಸಂಜೆ ಆರಿಸುತ್ತೇವೆ. ಗೋಡೆಯ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮೀಟರ್) ಮಧ್ಯಾಹ್ನ 55 ಶೇಕಡಾ ತೋರಿಸುತ್ತದೆ, ಬೆಳಿಗ್ಗೆ ಬಾಗಿಲು ತೆಗೆದಾಗ 70. ತೇವಕ್ಕೆ ಹೀಗಾಯಿತೇ? ಪುಡಿಯನ್ನು ಬ್ರಷ್‌ನಲ್ಲಿ ಒರೆಸಿಬಿಡಲೇ?

ಉತ್ತರ 1

ಮೊದಲು ಕೊನೆಯ ಮಾತಿಗೆ: ಒರೆಸಬೇಡಿ, ಊದಬೇಡಿ. ಆ ಪುಡಿ ಸೀಸದ ಲವಣ, ಉಸಿರಿನ ಜೊತೆ ಒಳಗೆ ಹೋದರೆ ವಿಷ. ಕೈಗವಸು, ಮುಖಗವಸು ಹಾಕಿಕೊಂಡು ಮುದ್ರೆಗಳನ್ನು ಇವತ್ತೇ ಅಲ್ಲಿಂದ ತೆಗೆಯಿರಿ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಮ್ಲರಹಿತ ಕಾಗದ ಹಾಸಿ ಇಟ್ಟು, ಡಬ್ಬಿಯನ್ನು ಮರದಿಂದ ದೂರವಿಡಿ. ಅಕ್ಷರ ಉಳಿದಿದೆಯೋ ಇಲ್ಲವೋ ಎಂಬುದನ್ನು ಲೋಹದ ಸಂರಕ್ಷಕರೇ ನೋಡಿ ಹೇಳಲಿ.

ಕಾರಣವನ್ನು ನಿಮ್ಮ ಮೂಗೇ ಹೇಳಿದೆ. ಎಂಡಿಎಫ್ ಮರದ ನಾರು ಮತ್ತು ಅಂಟಿನಿಂದ ಆದದ್ದು. ಅದರಿಂದ ಅಸಿಟಿಕ್ ಆಮ್ಲ, ಫಾರ್ಮಿಕ್ ಆಮ್ಲ, ಫಾರ್ಮಾಲ್ಡಿಹೈಡ್ ವರ್ಷಗಟ್ಟಲೆ ಹೊರಬರುತ್ತಿರುತ್ತವೆ. ಹಿಂದೆ ಬಿಳಿ ಬಣ್ಣ ತಯಾರಿಸುವವರು ಸೀಸದ ತಗಡನ್ನು ವಿನೆಗರ್ ಇದ್ದ ಮಡಕೆಗಳಲ್ಲಿಟ್ಟು, ಸಗಣಿಯ ಕಾವಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡುತ್ತಿದ್ದರು. ತಗಡು ಬಿಳಿ ಪುಡಿಯಾಗುತ್ತಿತ್ತು. ನಿಮ್ಮ ಡ್ರಾಯರಿನಲ್ಲಿ ನಡೆದಿರುವುದೂ ಅದೇ. ಬೆಳ್ಳಿ ಉಳಿದದ್ದೂ ಇದಕ್ಕೆ ಹೊಂದುತ್ತದೆ: ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಅನಿಲ, ಈ ಆಮ್ಲಗಳು ಮುಖ್ಯವಾಗಿ ಸೀಸವನ್ನು ತಿನ್ನುತ್ತವೆ. ಕಪಾಟಿನಲ್ಲಿ ಕಪ್ಪೆಚಿಪ್ಪು, ಶಂಖ ಇದ್ದರೆ ಅವನ್ನೂ ಇವತ್ತೇ ನೋಡಿ, ಸುಣ್ಣದಂಶದ ವಸ್ತುಗಳಿಗೂ ಇದು ಕೆಡುಕು.

ಬಿಗಿಯಾದ ಡ್ರಾಯರ್ ಒಳ್ಳೆಯದೆಂದು ನಾವೆಲ್ಲ ಕಲಿತದ್ದೇ. ಆದರೆ ಒಳಗಿನ ಹಲಗೆಯೇ ಆಮ್ಲ ಬಿಡುತ್ತಿದ್ದರೆ ಅದೇ ಬಿಗಿ ವಸ್ತುವಿಗೆ ಮುಳುವಾಗುತ್ತದೆ. ಹಾಗಾಗಿಯೇ ಹಲಗೆ, ಬಟ್ಟೆ, ಅಂಟು, ಬಣ್ಣ ಯಾವುದನ್ನಾದರೂ ಬಳಸುವ ಮೊದಲು ‘ಆಡಿ ಪರೀಕ್ಷೆ’ (Oddy test) ಮಾಡಬೇಕು. 1970ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ ರೂಪಿಸಿದ ವಿಧಾನ ಇದು: ವಸ್ತುವಿನ ಚೂರು, ಸ್ವಲ್ಪ ನೀರು, ಬೆಳ್ಳಿ, ತಾಮ್ರ, ಸೀಸದ ತುಂಡುಗಳನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಟ್ಟು, ಯಾವ ಲೋಹ ಕೆಟ್ಟಿತು ನೋಡುವುದು. ನಿಮಗೆ ಅಷ್ಟು ಸಲಕರಣೆ ಇರಲಿಕ್ಕಿಲ್ಲ. ಉಜ್ಜಿ ಹೊಳಪು ಮಾಡಿದ ಸೀಸದ ಪಟ್ಟಿಯೊಂದನ್ನು ಖಾಲಿ ಡ್ರಾಯರಿನಲ್ಲಿಟ್ಟು ವಾರಕ್ಕೊಮ್ಮೆ ನೋಡಿ. ಸಾಕ್ಷಿ ಹೇಳುತ್ತದೆ.

ಉತ್ತರ 2

ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸರಿಹೋಗುತ್ತದೆ. ನಮ್ಮಲ್ಲಿ ಎಲ್ಲ ಡ್ರಾಯರಿಗೂ ಹಾಕಿದ್ದೇವೆ, ತೊಂದರೆ ಬಂದಿಲ್ಲ.

ಉತ್ತರ 1 ಬರೆದವರು

ಇದನ್ನು ಒಪ್ಪಲಾರೆ. ಒಣಗಿದಷ್ಟೂ ಸೀಸ ಕೆಡುವುದು ನಿಧಾನವಾಗುತ್ತದೆ, ನಿಜ. ಆದರೆ ಜೆಲ್‌ನಿಂದ ಆಮ್ಲದ ಮೂಲ ಹೋಗುವುದಿಲ್ಲ. ಆಮ್ಲ ಹೀರಲು ಸಕ್ರಿಯ ಇದ್ದಿಲು ಬೇಕು, ಅದೂ ತಾತ್ಕಾಲಿಕ. ಹಲಗೆಗೆ ಮಾಮೂಲಿ ಬಣ್ಣ ಬಳಿದರೂ ಅನಿಲ ನಿಲ್ಲದು, ಅಲ್ಯೂಮಿನಿಯಂ ಪದರವಿರುವ ಹಾಳೆ ಹೊದಿಸಿದರೆ ತಡೆಯಬಹುದು. ಪೌಡರ್ ಕೋಟಿಂಗ್ ಮಾಡಿ ಚೆನ್ನಾಗಿ ಬೇಯಿಸಿದ ಉಕ್ಕಿನ ಕಪಾಟು ಎಲ್ಲಕ್ಕಿಂತ ನೆಮ್ಮದಿ.

ಬೆಳಗಿನ 70ರ ಬಗ್ಗೆ: ಎಸಿ ಹಗಲೆಲ್ಲ ಗೋಡೆ, ಕಪಾಟುಗಳನ್ನು ತಣ್ಣಗಾಗಿಸಿರುತ್ತದೆ. ಆರಿಸಿದ ಮೇಲೆ ಹೊರಗಿನ ತೇವದ ಗಾಳಿ ಸಂದಿಯಿಂದ ನುಗ್ಗಿ ಆ ತಣ್ಣನೆಯ ಮೈಗೆ ತಾಗುತ್ತದೆ. 30 ಡಿಗ್ರಿಯಲ್ಲಿ 60 ಶೇಕಡಾ ಇದ್ದ ಗಾಳಿ 25ಕ್ಕೆ ಇಳಿದರೆ, ಹನಿ ನೀರೂ ಸೇರದೆ, ಸುಮಾರು 80 ಆಗುತ್ತದೆ. ದಿನಾ ಹೀಗೆ ಏರಿಳಿಯುವುದಕ್ಕಿಂತ ಎಸಿಯೇ ಇಲ್ಲದೆ, ಸಂದಿಗಳನ್ನು ಮುಚ್ಚಿ ತೇವ ಹೀರುವ ಯಂತ್ರ ಓಡಿಸುವುದು ಎಷ್ಟೋ ಮೇಲು. ಅಂದಹಾಗೆ, ಆ ಹೈಗ್ರೋಮೀಟರನ್ನು ಯಾವತ್ತಾದರೂ ಪರೀಕ್ಷಿಸಿದ್ದೀರಾ? ಅಡುಗೆ ಉಪ್ಪಿಗೆ ಚೂರು ನೀರು ಹಾಕಿ ಕೆಸರಿನ ಹಾಗೆ ಮಾಡಿ, ಮೀಟರಿನ ಜೊತೆ ಮುಚ್ಚಿದ ಚೀಲದಲ್ಲಿ ಒಂದು ರಾತ್ರಿ ಇಡಿ. 75 ತೋರಿಸಬೇಕು.

ಪ್ರಶ್ನೆ ಕೇಳಿದವರು

ಉಪ್ಪಿನ ಪರೀಕ್ಷೆ ಮಾಡಿದೆ. 68 ತೋರಿಸಿತು! ಅಂದರೆ ನಾನು 70 ಎಂದು ಪುಸ್ತಕದಲ್ಲಿ ಬರೆದಿಟ್ಟ ಬೆಳಗುಗಳೆಲ್ಲ 77ರ ಆಸುಪಾಸಿನವು. ತಕ್ಷಣ ಹೊರಗೋಡೆಗೆ ತಾಗಿಸಿಟ್ಟಿದ್ದ ಬಟ್ಟೆಯ ಪೆಟ್ಟಿಗೆಗಳನ್ನು ಎಳೆದು ನೋಡಿದೆ. ಎರಡರ ಹಿಂಬದಿ ಬೂಷ್ಟಿನ ಚುಕ್ಕೆಗಳಿದ್ದವು, ಒಳಗಿನ ಬಟ್ಟೆಗೆ ಇನ್ನೂ ಮುಟ್ಟಿಲ್ಲ. ಆ ಎರಡನ್ನು ಪ್ರತ್ಯೇಕ ಕೋಣೆಗೆ ಹಾಕಿ, ಉಳಿದವನ್ನು ಗೋಡೆಯಿಂದ ಗೇಣು ದೂರ ಸರಿಸಿದ್ದೇನೆ.

ಮುದ್ರೆಗಳು ಡಬ್ಬಿ ಸೇರಿವೆ. ಕಪಾಟಿನಲ್ಲಿ ಶಂಖ ಇರಲಿಲ್ಲ. ಸೀಸದ ಪಟ್ಟಿ ಎರಡು ಮಾಡಿಸಿ, ಒಂದನ್ನು ಮೂರನೇ ಡ್ರಾಯರಿನಲ್ಲಿ, ಇನ್ನೊಂದನ್ನು ಮೂಲೆಯಲ್ಲಿ ಉಳಿದಿದ್ದ ಹಳೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೇನೆ. ಪ್ರತಿ ಸೋಮವಾರ ಎರಡರದ್ದೂ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.