ಗಿರಾಕಿ ವೇಷದ ಕೆಲಸ ತುಮಕೂರಲ್ಲಿ ಸಿಗುತ್ತಾ?

ಕ್ಯಾತ್ಸಂದ್ರ ಕಂಡಕ್ಟರ್:
ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಹೋದ ವರ್ಷ ರಿಟೈರ್ ಆದೆ. ದಾಬಸ್‌ಪೇಟೆ ಹತ್ತಿರ ಚೆಕಿಂಗ್‌ನವರು ಕೈ ಅಡ್ಡ ಹಾಕಿದರೆ, ಟಿಕೆಟ್ ಎಲ್ಲಾ ಸರಿಯಿದ್ದರೂ ಎದೆ ಧಸಕ್ ಅನ್ನುತ್ತಿತ್ತು. ಮೊನ್ನೆ ಅಳಿಯ ಒಂದು ಹೊಸ ವಿಷಯ ಹೇಳಿದ. ಗಿರಾಕಿ ಥರ ಅಂಗಡಿಗೆ ಹೋಗೋದು, ಅಲ್ಲಿನವರು ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ ಕಂಪನಿಗೆ ಬರೆದು ಕೊಡೋದು. ಮಿಸ್ಟರಿ ಶಾಪರ್ ಅನ್ನುತ್ತಾರಂತೆ. "ಮಾವ, ಇಷ್ಟು ವರ್ಷ ಚೆಕಿಂಗ್ ಮಾಡಿಸಿಕೊಂಡಿರಿ, ಈಗ ನೀವೇ ಮಾಡಿ" ಅಂತ ನಗಾಡಿದ.

ತುಮಕೂರಲ್ಲೇ ಸಿಗುತ್ತಾ, ಬೆಂಗಳೂರಿಗೆ ಓಡಾಡಬೇಕಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಟೆಲಿಗ್ರಾಂನಲ್ಲಿ ಒಬ್ಬರು ರಿಜಿಸ್ಟ್ರೇಷನ್‌ಗೆ 1,500 ರೂಪಾಯಿ ಕೇಳುತ್ತಿದ್ದಾರೆ, ಕಟ್ಟಲಾ? ಇನ್ನೊಂದು ಮಾತು. ನಾನು ಬರೆದದ್ದರಿಂದ ಯಾವುದಾದರೂ ಹುಡುಗನ ಕೆಲಸ ಹೋಗುತ್ತಾ? ಮೆಮೋದ ಬಿಸಿ ಎಂಥದ್ದು ಅಂತ ತಗೊಂಡವನಿಗೇ ಗೊತ್ತು.

ಗುಬ್ಬಿ ಗೇಟ್:
ಯಜಮಾನ್ರೇ, ಒಂದು ಪೈಸೆ ಕಟ್ಟಬೇಡಿ! ನಮ್ಮ ಬೀದಿಯ ಹುಡುಗ ಹೀಗೇ ಟೆಲಿಗ್ರಾಂನಲ್ಲಿ ಹೋಟೆಲುಗಳಿಗೆ ಸ್ಟಾರ್ ಕೊಟ್ಟು ಮೊದಲ ದಿನ 150 ರೂಪಾಯಿ ಗಳಿಸಿದ. ಮೂರನೇ ದಿನ "ದೊಡ್ಡ ಟಾಸ್ಕ್" ಅಂತ 5,000 ಹಾಕಿಸಿಕೊಂಡರು. ಅದನ್ನು ಬಿಡಿಸಿಕೊಳ್ಳೋಕೆ ಇನ್ನೊಂದು 12,000. ಅಷ್ಟೂ ಹೋಯಿತು. ಕೂಡಲೇ ಸೈಬರ್ ವಂಚನೆ ದೂರಿನ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಏನಾದರೂ ತಡೆಯಬಹುದಿತ್ತು. ನಾಚಿಕೆಯಿಂದ ನಾಲ್ಕು ದಿನ ಬಾಯೇ ಬಿಡಲಿಲ್ಲ.

ಎಸ್‌ಎಸ್ ಪುರಂ ಗೃಹಿಣಿ:
ಸಾರ್, ಮೂರು ವರ್ಷದಿಂದ ಮಾಡುತ್ತಿದ್ದೇನೆ. ಸಿಗುತ್ತೆ, ಆದರೆ ದಿನಾ ಸಿಗಲ್ಲ. ನನಗೆ ತಿಂಗಳಿಗೆ ಎರಡೋ ಮೂರೋ. ಮೊಬೈಲ್ ಶೋರೂಂ, ಬಟ್ಟೆ ಅಂಗಡಿ, ಪೆಟ್ರೋಲ್ ಬಂಕ್, ಒಮ್ಮೊಮ್ಮೆ ಬ್ಯಾಂಕಿಗೆ ಹೋಗಿ ಎಫ್‌ಡಿ ವಿಚಾರಿಸೋದು. ಒಂದಕ್ಕೆ 300-400 ರೂಪಾಯಿ. ಕೊಂಡ ಸಾಮಾನಿನ ದುಡ್ಡು ಅವರು ಹೇಳಿದಷ್ಟರ ಮಟ್ಟಿಗೆ ವಾಪಸ್, ಅದೂ ಒಂದೂವರೆ ತಿಂಗಳು ಬಿಟ್ಟು. ಪೆನ್ಷನ್ ಇರುವವರಿಗೆ ಸರಿ, ಇದನ್ನೇ ನಂಬಿಕೊಂಡರೆ ಒಲೆ ಉರಿಯಲ್ಲ.

ಸೇರೋದು ಸುಲಭ. ಎಂಎಸ್‌ಪಿಎ ಅಂತ ಈ ಕೆಲಸ ಕೊಡುವ ಏಜೆನ್ಸಿಗಳದ್ದೇ ಒಂದು ಸಂಘ ಇದೆ, 1998ರಲ್ಲಿ ಶುರುವಾದದ್ದು. ಅದರಲ್ಲಿರುವ ಏಜೆನ್ಸಿ ನೋಡಿಕೊಂಡು ಅವರ ಸೈಟಿನಲ್ಲೇ ಹೆಸರು ಬರೆಸಿ. ಪ್ಯಾನ್, ಬ್ಯಾಂಕ್ ಖಾತೆ ಕೇಳುತ್ತಾರೆ. ಓಟಿಪಿ ಕೇಳಿದರೆ ಕಳ್ಳರೇ.

ಕಷ್ಟ ಇರೋದು ನೆನಪಿಟ್ಟುಕೊಳ್ಳೋದರಲ್ಲಿ. ಬಾಗಿಲು ದಾಟಿ ಎಷ್ಟು ಹೊತ್ತಿಗೆ ಮಾತಾಡಿಸಿದರು, ಅವರ ಬ್ಯಾಡ್ಜಿನ ಮೇಲೆ ಯಾವ ಹೆಸರಿತ್ತು, ಟ್ರಯಲ್ ರೂಮಿನ ಚಿಲಕ ಬೀಳುತ್ತಾ, ಬಿಲ್ ಹಾಕುವಾಗ ಫೋನ್ ನಂಬರ್ ಕೇಳಿದರಾ. ಚೀಟಿ ಹಿಡಿದು ಬರೆದುಕೊಂಡರೆ ಗುಟ್ಟು ರಟ್ಟು. ನಾನು ಟ್ರಯಲ್ ರೂಮಿಗೆ ಹೋಗಿ ನನಗೆ ನಾನೇ ವಾಟ್ಸಾಪ್ ಮಾಡಿಕೊಳ್ಳುತ್ತೇನೆ: "11.42 ಒಳಗೆ. 11.46 ಕನ್ನಡಕದ ಹುಡುಗಿ." ಕನ್ನಡದಲ್ಲೇ. ರಾತ್ರಿ ಕೂತು ಇಂಗ್ಲಿಷಿಗೆ ತಿರುಗಿಸಿ ಫಾರಂ ತುಂಬೋದು. "ಸರ್ವಿಸ್ ಸರಿಯಿಲ್ಲ" ಅಂತ ಬರೆದರೆ ವಾಪಸ್ ಕಳಿಸುತ್ತಾರೆ. "ನಾಲ್ಕು ನಿಮಿಷ ನಿಂತಿದ್ದೆ, ಇಬ್ಬರು ಮೊಬೈಲ್ ನೋಡುತ್ತಿದ್ದರು" ಅಂತ ಬರೆಯಬೇಕು. ಇಷ್ಟಕ್ಕೆ ನಿಮ್ಮ ಇಂಗ್ಲಿಷ್ ಸಾಕು.

ನಾನು ಕಳೆದುಕೊಂಡದ್ದನ್ನೂ ಹೇಳಿಬಿಡುತ್ತೇನೆ. ಒಂದು ಬಂಕಿನ ಬಿಲ್ಲನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಮರೆತೆ. ಏಪ್ರಿಲ್ ಬಿಸಿಲು. ಸಂಜೆ ತೆಗೆದರೆ ಕಾಗದವೆಲ್ಲ ಕಪ್ಪು, ಒಂದಕ್ಷರ ಕಾಣಲಿಲ್ಲ. ಆ ಸಲ ಫೀಸೂ ಇಲ್ಲ, ಪೆಟ್ರೋಲ್ ದುಡ್ಡೂ ಇಲ್ಲ. ಬಿಲ್ ಕೈಗೆ ಬಂದ ತಕ್ಷಣ ಫೋಟೋ ತೆಗೆಯಿರಿ.

ಹುಡುಗರ ಕೆಲಸದ ಬಗ್ಗೆ ಕೇಳಿದಿರಿ. ಆಮೇಲೆ ಏನಾಯಿತು ಅಂತ ನಮಗೆ ತಿಳಿಸಲ್ಲ. ನನಗೂ ಅದು ಚುಚ್ಚುತ್ತೆ, ಸುಳ್ಳು ಯಾಕೆ. ಕಂಡಷ್ಟೇ ಬರೆಯುತ್ತೇನೆ. ನಗುನಗುತ್ತಾ ಮಾತಾಡಿಸಿದವರನ್ನು ಕಂಡರೆ ಅದನ್ನೂ ಅಷ್ಟೇ ಉದ್ದಕ್ಕೆ ಬರೆಯುತ್ತೇನೆ, ಹೆಸರು ಸಮೇತ.

ಕ್ಯಾತ್ಸಂದ್ರ ಕಂಡಕ್ಟರ್:
ಟೆಲಿಗ್ರಾಂನವನನ್ನು ಬ್ಲಾಕ್ ಮಾಡಿದೆ. ಟಿಕೆಟ್ ಕಾಗದವೂ ಹಂಗೇ ಕಪ್ಪಾಗುತ್ತೆ ಅಮ್ಮಾ, ನನಗೆ ಹೊಳೆಯಬೇಕಿತ್ತು.

ನಿನ್ನೆ ಸುಮ್ನೆ ಪ್ರಾಕ್ಟೀಸ್ ಅಂತ ಬಿ.ಎಚ್. ರಸ್ತೆಯ ಒಂದು ಚಪ್ಪಲಿ ಅಂಗಡಿಗೆ ಹೋದೆ. 5.10ಕ್ಕೆ ಒಳಗೆ. ಗಡಿಯಾರ ನೋಡಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ನಿಂತೆ. ಅರ್ಧ ನಿಮಿಷ ಆಗಿಲ್ಲ, ಕೌಂಟರ್ ಹುಡುಗ ಎದ್ದು ಬಂದ. "ಸಾರ್, ನೀವು ಬೆಂಗಳೂರು ಬಸ್ಸಿನ ಕಂಡಕ್ಟರ್ ಅಲ್ವಾ? ಕಾಲೇಜಿಗೆ ಹೋಗುವಾಗ ಪಾಸ್ ಮರೆತಿದ್ದೆ, ಬೈದು ಹತ್ತಿಸಿಕೊಂಡಿದ್ರಿ!" ಟೀ ಬೇರೆ ತರಿಸಿದ. ಇದಕ್ಕೆ ಎಷ್ಟು ಮಾರ್ಕು ಕೊಡೋದು?

ಎಸ್‌ಎಸ್ ಪುರಂ ಗೃಹಿಣಿ:
ಅಯ್ಯೋ! ಗುರುತಿರುವ ಕಡೆ ಹೋಗಲೇಬಾರದು ಸಾರ್, ರಿಪೋರ್ಟ್ ನಡೆಯಲ್ಲ. ನೀವು ತುಮಕೂರು ಬಿಟ್ಟು ತಿಪಟೂರಿನ ಕೆಲಸ ತಗೊಳ್ಳಿ.

ಕ್ಯಾತ್ಸಂದ್ರ ಕಂಡಕ್ಟರ್:
ಆ ರೂಟಲ್ಲಿ ಒಂಬತ್ತು ವರ್ಷ ಇದ್ದೆ ಕಣಮ್ಮ.